ಯಾರ್ಕ್ ಮಿನ್‌ಸ್ಟರ್ ನೋಡೋಕೆ ಹೊರಟಿದ್ದೀರಾ? ಬಿಸಿಲು ನೋಡಿಕೊಂಡು ಹೋಗಿ

ಇಂಗ್ಲೆಂಡಿಗೆ ಹೋದವರು ಲಂಡನ್ನಿನಿಂದ ಒಂದು ದಿನದ ಮಟ್ಟಿಗೆ ಯಾರ್ಕ್‌ಗೆ ಹೋಗಿಬರುವುದು ಸುಲಭ. ಕಿಂಗ್ಸ್ ಕ್ರಾಸ್ ನಿಲ್ದಾಣದಲ್ಲಿ ವೇಗದ ರೈಲು ಹತ್ತಿದರೆ ಸುಮಾರು 2 ಗಂಟೆಯ ದಾರಿ. ಆದರೆ ಬಹಳ ಜನ ಏನು ಮಾಡುತ್ತಾರೆ ಅಂದರೆ, ಹತ್ತೂವರೆ ಹನ್ನೊಂದಕ್ಕೆ ಬಂದಿಳಿದು, ಶಾಂಬಲ್ಸ್ ಬೀದಿಯಲ್ಲಿ ಫೋಟೋ ತೆಗೆಸಿಕೊಂಡು, ಅಂಗಡಿಗಳಲ್ಲಿ ಸುತ್ತಿ, ಊಟ ಮುಗಿಸಿ, ಮೂರು ಗಂಟೆ ಹೊತ್ತಿಗೆ ಮಿನ್‌ಸ್ಟರ್, ಅಂದರೆ ಊರಿನ ದೊಡ್ಡ ಚರ್ಚಿನ (ಕ್ಯಾಥೆಡ್ರಲ್‌ನ) ಒಳಗೆ ಕಾಲಿಡುತ್ತಾರೆ. ಕತ್ತೆತ್ತಿ ಒಂದು ಸುತ್ತು ಹಾಕಿ ಅರ್ಧ ಗಂಟೆಯಲ್ಲಿ ಹೊರಗೆ. ಮೊದಲ ಸಲ ನಾನೂ ಹಾಗೇ ಮಾಡಿದೆ. ಪೂರ್ವದ ದೊಡ್ಡ ಕಿಟಕಿಯನ್ನು ನೋಡಲೆಂದೇ ಹೋಗಿದ್ದೆ, ಅದು ಮಬ್ಬಾಗಿತ್ತು. ಎರಡನೇ ಸಲ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ ನಿಂತೆ. ಅದೇ ಕಿಟಕಿ ಉರಿಯುತ್ತಿತ್ತು.

ಅದಕ್ಕೇ ಹೇಳುತ್ತಿದ್ದೇನೆ. ಈ ಕ್ಯಾಥೆಡ್ರಲ್‌ನ ಅರ್ಧ ಜೀವ ಇರುವುದು ಕಲ್ಲಿನಲ್ಲಲ್ಲ, ಗಾಜಿನಲ್ಲಿ. ಗಾಜಿಗೆ ಬೆಳಕು ಬೇಕು. ಯಾವ ಮೂಲೆಗೆ ಯಾವಾಗ ಹೋಗಬೇಕು ಅನ್ನುವುದನ್ನು ಬಿಸಿಲಿಗೇ ಬಿಟ್ಟುಬಿಡಿ.

ದಿಕ್ಕು ಗೊತ್ತಿದ್ದರೆ ಇದು ಕಷ್ಟವಲ್ಲ. ಹಳೆಯ ಚರ್ಚುಗಳಲ್ಲಿ ಸಾಮಾನ್ಯವಾಗಿ ಬಲಿಪೀಠ ಪೂರ್ವಕ್ಕೆ, ದೊಡ್ಡ ಬಾಗಿಲು ಪಶ್ಚಿಮಕ್ಕೆ ಇರುತ್ತದೆ. ಮೇಲಿನಿಂದ ನೋಡಿದರೆ ಇಡೀ ಕಟ್ಟಡ ಶಿಲುಬೆಯ ಆಕಾರ. ಪಶ್ಚಿಮದ ಉದ್ದ ಹಜಾರವನ್ನು ನೇವ್ ಅನ್ನುತ್ತಾರೆ. ಪೂರ್ವದ ತುದಿಯಲ್ಲಿ ಪಾದ್ರಿಗಳೂ ಹಾಡುಗಾರರೂ ಕೂರುವ ಜಾಗ ಕ್ವಾಯರ್. ಎಡಕ್ಕೂ ಬಲಕ್ಕೂ ಚಾಚಿದ ಎರಡು ಅಡ್ಡ ತೋಳುಗಳು, ಅಂದರೆ ಉತ್ತರದ್ದೊಂದು ದಕ್ಷಿಣದ್ದೊಂದು. ನಾಲ್ಕೂ ಸೇರುವ ನಡುವಿನಲ್ಲಿ ದೊಡ್ಡ ಗೋಪುರ. ಇಷ್ಟು ತಲೆಯಲ್ಲಿದ್ದರೆ ಸಾಕು: ಬೆಳಿಗ್ಗೆ ಪೂರ್ವದ ಕಿಟಕಿ, ನಡುಹಗಲು ದಕ್ಷಿಣದ್ದು, ಸಂಜೆ ಪಶ್ಚಿಮದ್ದು. ಉತ್ತರದ್ದಕ್ಕೆ ಅವಸರವಿಲ್ಲ, ಅಲ್ಲಿ ದಿನವಿಡೀ ಒಂದೇ ಥರದ ಮೆತ್ತನೆಯ ಬೆಳಕು.

ಹೊರಡುವ ಮುಂಚೆ ಒಂದೆರಡು ಮಾತು. ಭಾನುವಾರ ಬೆಳಿಗ್ಗೆ ಪ್ರಾರ್ಥನೆ ನಡೆಯುತ್ತದೆ, ಆಗ ಪ್ರವಾಸಿಗರು ಒಳಗೆಲ್ಲ ಓಡಾಡುವ ಹಾಗಿಲ್ಲ. ಆದ್ದರಿಂದ ವಾರದ ದಿನವೇ ಒಳ್ಳೆಯದು. ಅಲ್ಲಿ ಚಳಿಗಾಲದಲ್ಲಿ ನಾಲ್ಕಕ್ಕೆ ಮುಂಚೆಯೇ ಸೂರ್ಯ ಮುಳುಗುತ್ತಾನೆ, ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆಯವರೆಗೂ ಬೆಳಕಿರುತ್ತದೆ. ಟಿಕೆಟ್ ದರ, ತೆರೆಯುವ ಹೊತ್ತು ಇವೆಲ್ಲ ಬದಲಾಗುತ್ತಾ ಇರುತ್ತವೆ, ಹಿಂದಿನ ದಿನ ಮಿನ್‌ಸ್ಟರ್‌ನವರ ವೆಬ್‌ಸೈಟ್ ನೋಡಿಕೊಳ್ಳಿ. ಮತ್ತೆ, ದಯವಿಟ್ಟು ಒಂದು ಬೈನಾಕ್ಯುಲರ್ ತೆಗೆದುಕೊಂಡು ಹೋಗಿ. ಪುಟ್ಟದಾದರೂ ಪರವಾಗಿಲ್ಲ. ಹತ್ತಿಪ್ಪತ್ತು ಮೀಟರ್ ಮೇಲಿರುವ ಗಾಜಿನ ಮುಖಗಳು ಬರಿಗಣ್ಣಿಗೆ ಬರೀ ಬಣ್ಣದ ಚುಕ್ಕೆಗಳು. ಫೋನ್ ಕ್ಯಾಮೆರಾದಲ್ಲಿ ಜೂಮ್ ಮಾಡಿದರೆ ಆಗುತ್ತದೆ ಅಂದುಕೊಳ್ಳಬೇಡಿ, ಆಗುವುದಿಲ್ಲ.

ರೈಲ್ವೆ ನಿಲ್ದಾಣದಿಂದ ಮಿನ್‌ಸ್ಟರ್‌ಗೆ ಹದಿನೈದು ಇಪ್ಪತ್ತು ನಿಮಿಷದ ನಡಿಗೆ. ಟ್ಯಾಕ್ಸಿ ಬೇಡ. ನಿಲ್ದಾಣದ ಎದುರಿಗೇ ಊರಿನ ಹಳೆಯ ಕೋಟೆಗೋಡೆ ಇದೆ, ಅದರ ಮೇಲೆ ಹತ್ತಿ ಲೆಂಡಲ್ ಸೇತುವೆಯ ಕಡೆಗೆ ನಡೆಯಿರಿ. ಮನೆಗಳ ಮಾಡುಗಳ ಮೇಲೆ ಮೂರು ಗೋಪುರಗಳು ಎದ್ದು ನಿಂತಿರುತ್ತವೆ. ಸುತ್ತಲಿನದ್ದೆಲ್ಲ ಕೆಂಪು ಇಟ್ಟಿಗೆ, ಅದೊಂದೇ ಕೆನೆ ಬಣ್ಣ. ಹತ್ತಿರದ ಟ್ಯಾಡ್‌ಕ್ಯಾಸ್ಟರ್ ಕಡೆಯ ಸುಣ್ಣಕಲ್ಲು ಅದು. ಮೆತ್ತಗಿನ ಕಲ್ಲು, ಕೆತ್ತಲು ಚೆಂದ, ಆದರೆ ಗಾಳಿ ಮಳೆಗೆ ಬೇಗ ಸವೆಯುತ್ತದೆ. ಹಾಗಾಗಿ ಯಾವಾಗ ಹೋದರೂ ಎಲ್ಲೋ ಒಂದು ಕಡೆ ಸ್ಕ್ಯಾಫೋಲ್ಡಿಂಗ್ ಕಟ್ಟಿರುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ. ಮಿನ್‌ಸ್ಟರ್‌ಗೆ ಅದರದ್ದೇ ಕಲ್ಲುಕುಟಿಗರಿದ್ದಾರೆ, ಅವರ ಕೆಲಸ ಮುಗಿಯುವಂಥದ್ದಲ್ಲ.

ಬೆಳಿಗ್ಗೆ: ಸೀದಾ ಪೂರ್ವಕ್ಕೆ

ಒಳಗೆ ಹೋದ ತಕ್ಷಣ ನೇವ್ ನಿಮ್ಮನ್ನು ಹಿಡಿದು ನಿಲ್ಲಿಸುತ್ತದೆ. ನಿಲ್ಲಬೇಡಿ. ಅದನ್ನು ಸಂಜೆಗೆ ಇಟ್ಟುಕೊಳ್ಳಿ. ನೇರವಾಗಿ ಪೂರ್ವದ ತುದಿಗೆ ನಡೆಯಿರಿ.

ಅಲ್ಲಿರುವುದು ಗ್ರೇಟ್ ಈಸ್ಟ್ ವಿಂಡೋ. ಸುಮಾರು 23 ಮೀಟರ್ ಎತ್ತರ, 9 ಮೀಟರ್ ಅಗಲದ ಬಣ್ಣದ ಗಾಜು. ಕವೆಂಟ್ರಿಯ ಜಾನ್ ಥಾರ್ನ್‌ಟನ್ ಎಂಬ ಗಾಜಿನ ಕಲಾವಿದ ಇದನ್ನು ಮಾಡಿಕೊಡಲು 1405ರಲ್ಲಿ ಒಪ್ಪಿಕೊಂಡ. ಕರಾರು ಹೀಗಿತ್ತು: ಮೂರು ವರ್ಷದೊಳಗೆ ಮುಗಿಸಬೇಕು, ವಾರಕ್ಕೆ 4 ಷಿಲ್ಲಿಂಗ್, ಅದರ ಮೇಲೆ ವರ್ಷಕ್ಕೆ 5 ಪೌಂಡ್, ಕೆಲಸ ಪೂರೈಸಿದಾಗ ಇನ್ನೂ 10 ಪೌಂಡ್. ಆಗ 20 ಷಿಲ್ಲಿಂಗ್‌ಗೆ ಒಂದು ಪೌಂಡ್, ಲೆಕ್ಕ ಹಾಕಿದರೆ ಒಟ್ಟು ಸುಮಾರು 56 ಪೌಂಡ್ ಆಯಿತು. ಆತ ಹೇಳಿದ ಹೊತ್ತಿಗೆ ಮುಗಿಸಿದ. ಕಿಟಕಿಯ ತುದಿಯಲ್ಲಿ 1408 ಅಂತ ವರ್ಷವನ್ನೂ ಬರೆದಿಟ್ಟ.

ಇದನ್ನು ಸುಮ್ನೆ ನೋಡಬೇಡಿ, ಓದಿ. ಪುಸ್ತಕದ ಹಾಗೇ ಇದೆ. ತೀರಾ ಮೇಲೆ, ಕಮಾನಿನ ಚೂಪಿನಲ್ಲಿ ದೇವರು ಕೂತಿದ್ದಾನೆ. ಕೈಯಲ್ಲಿ ತೆರೆದ ಪುಸ್ತಕ, ಅದರಲ್ಲಿ 'ನಾನೇ ಆದಿ, ನಾನೇ ಅಂತ್ಯ' ಎಂಬರ್ಥದ ಲ್ಯಾಟಿನ್ ಮಾತು. ಇಡೀ ಕಿಟಕಿ ಆ ಒಂದು ಮಾತಿನ ವಿಸ್ತಾರ. ಕೆಳಗಿನ ಚೌಕಗಳಲ್ಲಿ ಮೊದಲ ಮೂರು ಸಾಲು ಬೈಬಲ್ಲಿನ ಮೊದಲ ಪುಸ್ತಕ ಆದಿಕಾಂಡದ ಸೃಷ್ಟಿಯಿಂದ ಶುರುವಾಗುವ ಹಳೆಯ ಒಡಂಬಡಿಕೆಯ ಕಥೆಗಳು, 27 ಚೌಕ. ಅದರ ಕೆಳಗೆ ಒಂಬತ್ತು ಸಾಲು, 81 ಚೌಕ, ಬೈಬಲ್ಲಿನ ಕೊನೆಯ ಪುಸ್ತಕ 'ಪ್ರಕಟನೆ' ಹೇಳುವ ಲೋಕದ ಅಂತ್ಯ. ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಹೋಗಿ. ಬೈನಾಕ್ಯುಲರ್ ಹಿಡಿದು ಮೇಲಿನ ಎಡ ಮೂಲೆಯ ಮೊದಲ ಚೌಕ ಹುಡುಕಿ, ಅಲ್ಲಿಂದ ಒಂದೊಂದೇ ದಾಟಿ. ಏಳು ತಲೆಯ ಮೃಗಗಳು ಬರುತ್ತವೆ, ತುತ್ತೂರಿ ಊದುವ ದೇವದೂತರು ಬರುತ್ತಾರೆ, ಊರುಗಳು ಉರುಳುತ್ತವೆ. ಎಲ್ಲವನ್ನೂ ನೋಡಲು ಒಂದು ಗಂಟೆಯೂ ಸಾಲದು. ನಾಲ್ಕೈದು ಸಾಲಾದರೂ ನೋಡಿ. ಮುಖಗಳನ್ನು ಗಮನಿಸಿ: ಥಾರ್ನ್‌ಟನ್ ಬರೆದ ಮುಖಗಳಲ್ಲಿ ಭಯವೂ ಇದೆ, ಮೃದುತ್ವವೂ ಇದೆ, ತೆಳ್ಳನೆಯ ಕಂದು ಗೆರೆಗಳಲ್ಲಿ ಕಣ್ಣಿನ ರೆಪ್ಪೆಯವರೆಗೂ ಬರೆದಿದ್ದಾನೆ. ಅಷ್ಟು ಎತ್ತರದಲ್ಲಿ, ಬೈನಾಕ್ಯುಲರ್ ಇಲ್ಲದ ಕಾಲದಲ್ಲಿ, ಇದನ್ನು ಯಾರು ನೋಡುತ್ತಾರೆ ಅಂತ ಬರೆದ? ನನಗೆ ಪ್ರತಿ ಸಲ ಅಲ್ಲಿ ಗಂಟಲು ಕಟ್ಟುತ್ತದೆ.

ಈ ಕಿಟಕಿಯನ್ನು ಪೂರ್ತಿ ಬಿಚ್ಚಿ, ಒಂದೊಂದು ತುಂಡನ್ನೂ ತೊಳೆದು, ಗಾಜಿನ ತುಂಡುಗಳನ್ನು ಹಿಡಿದಿಡುವ ಸೀಸದ ಪಟ್ಟಿಗಳನ್ನು ಬದಲಿಸಿ ಮತ್ತೆ ಜೋಡಿಸಿದ ಕೆಲಸ 2018ರಲ್ಲಿ ಮುಗಿಯಿತು. 311 ಫಲಕಗಳು. ಈಗ ಹೊರಗಡೆ ಇನ್ನೊಂದು ಪದರದ ರಕ್ಷಣೆಯ ಗಾಜು ಇದೆ. ಅಂದರೆ ತಲೆಮಾರುಗಳಿಂದ ಯಾರಿಗೂ ಇಷ್ಟು ಸ್ವಚ್ಛವಾಗಿ ಕಂಡಿರದ ಕಿಟಕಿಯನ್ನು ನಾವು ನೋಡುತ್ತಿದ್ದೇವೆ.

ವಾಪಸ್ ಬರುವಾಗ ಕ್ವಾಯರ್ ನೋಡಿಕೊಂಡು ಬನ್ನಿ. ಇಲ್ಲಿನ ಮರದ ಕೆಲಸ ಮಧ್ಯಯುಗದ್ದಲ್ಲ. 1829ರ ಫೆಬ್ರುವರಿಯಲ್ಲಿ ಜೊನಾಥನ್ ಮಾರ್ಟಿನ್ ಎಂಬಾತ ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ಒಳಗೇ ಅಡಗಿ ಕೂತು, ರಾತ್ರಿ ಇದಕ್ಕೆ ಬೆಂಕಿ ಇಟ್ಟ. ಹಳೆಯ ಆಸನಗಳೆಲ್ಲ ಹೋದವು. ಕ್ವಾಯರ್‌ನಿಂದ ಹೊರಬಂದು ತಿರುಗಿ ನೋಡಿದರೆ ಕಲ್ಲಿನ ತಡೆಗೋಡೆ, ಅದರ ಮೇಲೆ ಇಂಗ್ಲೆಂಡಿನ ರಾಜರ ಆಳೆತ್ತರದ ಪ್ರತಿಮೆಗಳ ಸಾಲು. ಎಣಿಸಿ. ಬಾಗಿಲ ಒಂದು ಕಡೆ 7, ಇನ್ನೊಂದು ಕಡೆ 8. ವಿಲಿಯಂ ದಿ ಕಾಂಕರರ್‌ನಿಂದ 6ನೇ ಹೆನ್ರಿಯವರೆಗೆ 15 ಜನ. ಜೊತೆಗೆ ಮಕ್ಕಳಿದ್ದರೆ ಎಣಿಸುವ ಕೆಲಸ ಅವರಿಗೆ ಕೊಡಿ.

ಉತ್ತರದ ತೋಳಿನಲ್ಲಿ ಐದು ಉದ್ದುದ್ದ ಕಿಟಕಿಗಳು ಅಕ್ಕಪಕ್ಕ ನಿಂತಿವೆ, ಒಂದೊಂದೂ 16 ಮೀಟರ್ ಎತ್ತರ. ಹೆಸರು ಫೈವ್ ಸಿಸ್ಟರ್ಸ್, ಐವರು ಅಕ್ಕತಂಗಿಯರು. 13ನೇ ಶತಮಾನದವು. ಇಲ್ಲಿ ಚಿತ್ರ ಹುಡುಕಬೇಡಿ. ಬೂದಿ ಹಸಿರು ಗಾಜಿನ ಮೇಲೆ ಎಲೆ ಬಳ್ಳಿಯ ಗೆರೆಗಳು, ನಡುನಡುವೆ ಕೆಂಪು ನೀಲಿಯ ಚಿಕ್ಕ ಚುಕ್ಕೆ. ಮೊದಲು ಏನೂ ಇಲ್ಲ ಅನ್ನಿಸುತ್ತದೆ. ಎದುರಿಗೆ ಕೂತು ಐದು ನಿಮಿಷ ಕಾಯಿರಿ, ಕಣ್ಣು ಹೊಂದಿಕೊಂಡಾಗ ಬಳ್ಳಿಗಳು ಮೇಲೇಳುತ್ತವೆ. ಮೊದಲ ಮಹಾಯುದ್ಧದಲ್ಲಿ ತೀರಿಹೋದ ಬ್ರಿಟಿಷ್ ಸಾಮ್ರಾಜ್ಯದ ಹೆಂಗಸರ ನೆನಪಿಗೆ 1925ರಲ್ಲಿ ಈ ಕಿಟಕಿಯನ್ನು ಅರ್ಪಿಸಿದರು. ಪಕ್ಕದ ಪ್ರಾರ್ಥನಾ ಕೋಣೆಯ ಓಕ್ ಮರದ ಹಲಗೆಗಳಲ್ಲಿ ಸಾವಿರಕ್ಕೂ ಹೆಚ್ಚು ಹೆಂಗಸರ ಹೆಸರುಗಳಿವೆ. ನರ್ಸ್‌ಗಳು, ಮದ್ದುಗುಂಡಿನ ಕಾರ್ಖಾನೆಯಲ್ಲಿ ದುಡಿದವರು. ಕೆಲವನ್ನಾದರೂ ಓದಿ ಮುಂದೆ ಹೋಗಿ.

ಅಲ್ಲೇ ಒಂದು ಓಣಿ ಚಾಪ್ಟರ್ ಹೌಸ್‌ಗೆ ಹೋಗುತ್ತದೆ. ಪಾದ್ರಿಗಳ ಸಭೆ ಸೇರುತ್ತಿದ್ದ ಎಂಟು ಮೂಲೆಯ ಮನೆ, 13ನೇ ಶತಮಾನದ ಕೊನೆಯಲ್ಲಿ ಕಟ್ಟಿದ್ದು. ಇಷ್ಟು ಅಗಲದ ಚಾಪ್ಟರ್ ಹೌಸ್‌ಗಳಲ್ಲಿ ನಡುವೆ ಒಂದು ಕಂಬ ಇದ್ದೇ ಇರುತ್ತದೆ. ಇಲ್ಲಿಲ್ಲ. ತಾರಸಿ ಕಲ್ಲಿನದ್ದಲ್ಲ, ಮರದ್ದು, ಅದನ್ನು ಮೇಲಿನ ಮರದ ಚೌಕಟ್ಟು ಹಿಡಿದುಕೊಂಡಿದೆ. ಗೋಡೆಯುದ್ದಕ್ಕೂ ಕಲ್ಲಿನ ಆಸನಗಳು, ಅವುಗಳ ಮೇಲೆ ಮುಷ್ಟಿಗಾತ್ರದ ಕೆತ್ತಿದ ತಲೆಗಳು. ಹಲ್ಲು ಕಿರಿಯುವವ, ನಾಲಗೆ ಚಾಚುವವ, ಪ್ರಾಣಿಗಳು, ಎಲೆಗಳ ನಡುವೆ ಇಣುಕುವ ಮುಖಗಳು. ಇವಕ್ಕೆ ಬೈನಾಕ್ಯುಲರ್ ಬೇಡ, ಹತ್ತಿರ ಹೋಗಿ ನೋಡಬಹುದು. ಒಂದು ಸುತ್ತು ನಿಧಾನಕ್ಕೆ ಹಾಕಿ. ಎರಡು ತಲೆ ಒಂದೇ ಥರ ಸಿಕ್ಕುವುದಿಲ್ಲ.

ನಡುಹಗಲು: ದಕ್ಷಿಣದ ತೋಳು, ಆಮೇಲೆ ನೆಲದ ಕೆಳಗೆ

ಹನ್ನೆರಡರ ಹೊತ್ತಿಗೆ ದಕ್ಷಿಣದ ತೋಳಿಗೆ ಬನ್ನಿ. ಈಗಿನ ಕಟ್ಟಡದ ಕೆಲಸ ಶುರುವಾಗಿದ್ದೇ ಇಲ್ಲಿಂದ, ಸುಮಾರು 1220ರಲ್ಲಿ. ಶುರು ಮಾಡಿಸಿದ ಆರ್ಚ್‌ಬಿಷಪ್ ವಾಲ್ಟರ್ ಡಿ ಗ್ರೇಯ ಸಮಾಧಿಯೂ ಇಲ್ಲೇ ಇದೆ. ಆತ ಮುಗಿದದ್ದನ್ನು ನೋಡಲಿಲ್ಲ. ಕಟ್ಟಿ ಮುಗಿಯಿತು ಅಂತ ಪ್ರತಿಷ್ಠೆ ಮಾಡಿದ್ದು 1472ರಲ್ಲಿ, ಇನ್ನೂರೈವತ್ತು ವರ್ಷದ ಮೇಲೆ.

ಮೇಲೆ ನೋಡಿದರೆ ರೋಸ್ ವಿಂಡೋ, ದುಂಡನೆಯ ಗುಲಾಬಿ ಕಿಟಕಿ. ಕೆಂಪು ಗುಲಾಬಿ ಲ್ಯಾಂಕಾಸ್ಟರ್ ಮನೆತನದ್ದು, ಬಿಳಿಯದ್ದು ಯಾರ್ಕ್ ಮನೆತನದ್ದು. ಇಂಗ್ಲೆಂಡಿನ ಸಿಂಹಾಸನಕ್ಕಾಗಿ ಬಡಿದಾಡಿದ ಎರಡು ಮನೆತನಗಳು ಮದುವೆಯಲ್ಲಿ ಒಂದಾದ ಗುರುತು. 1984ರ ಜುಲೈ 9ರ ನಸುಕಿನಲ್ಲಿ ಈ ತೋಳಿನ ಮಾಡಿಗೆ ಬೆಂಕಿ ಬಿತ್ತು, ಬಹುಶಃ ಸಿಡಿಲಿನಿಂದ. ಬೆಂಕಿ ನಡುಗೋಪುರದ ಕಡೆ ಹೋಗದಿರಲಿ ಅಂತ ಅಗ್ನಿಶಾಮಕದವರು ನೀರಿನ ಹೊಡೆತದಿಂದ ಉರಿಯುತ್ತಿದ್ದ ಮಾಡನ್ನೇ ಕೆಡವಿದರು. ಗುಲಾಬಿ ಕಿಟಕಿಯ ಗಾಜು ಸುಮಾರು 40,000 ಕಡೆ ಸೀಳಿತು, ಆದರೆ ಬೀಳಲಿಲ್ಲ. ಕೆಲವೇ ವರ್ಷ ಮುಂಚೆ ಅದರ ಸೀಸದ ಪಟ್ಟಿಗಳನ್ನು ಹೊಸದಾಗಿ ಹಾಕಿದ್ದರು, ಅದೇ ಹಿಡಿದುಕೊಂಡಿತು. ನಡುಹಗಲಿನ ಬೆಳಕಿನಲ್ಲಿ ಬೈನಾಕ್ಯುಲರ್ ಹಿಡಿದರೆ ಗಾಜಿನಲ್ಲಿ ಕೂದಲೆಳೆಯಂಥ ಬಿರುಕುಗಳು ಇವತ್ತಿಗೂ ಕಾಣುತ್ತವೆ.

1988ರ ಹೊತ್ತಿಗೆ ಮಾಡನ್ನು ಮತ್ತೆ ಕಟ್ಟಿದರು. ತಾರಸಿಯ ಕಮಾನುಗಳು ಕೂಡುವಲ್ಲಿ ಬಂಗಾರದ ಬಣ್ಣದ ಕೆತ್ತನೆಯ ಗುಂಡುಗಳಿವೆ, ಅವುಗಳಲ್ಲಿ ಆರನ್ನು ಬಿಬಿಸಿಯ ಮಕ್ಕಳ ಕಾರ್ಯಕ್ರಮದ ಸ್ಪರ್ಧೆಯಲ್ಲಿ ಗೆದ್ದ ಮಕ್ಕಳ ಚಿತ್ರಗಳಿಂದ ಮಾಡಿದ್ದು. ಚಂದ್ರನ ಮೇಲೆ ನಿಂತ ಮನುಷ್ಯ ಇದ್ದಾನೆ, ತಿಮಿಂಗಿಲ ಇದೆ. ಹುಡುಕಿ.

ನೆಲದ ಕೆಳಗಿನ ಮ್ಯೂಸಿಯಂ ಬಿಡಬೇಡಿ. 1967ರಲ್ಲಿ ಪರೀಕ್ಷೆ ಮಾಡಿದಾಗ ನಡುಗೋಪುರದ ಅಡಿಪಾಯ ಕುಸಿಯುವ ಹಂತದಲ್ಲಿದೆ ಅಂತ ಗೊತ್ತಾಯಿತು. ಐದು ವರ್ಷ ಅಗೆದು ಕಾಂಕ್ರೀಟ್ ತುಂಬಿ ಸ್ಟೀಲ್ ಸರಳುಗಳಿಂದ ಬಿಗಿದರು. ಅಗೆಯುತ್ತಾ ಹೋದ ಹಾಗೆ ಮೊದಲಿಗೆ ಫ್ರಾನ್ಸ್ ಕಡೆಯಿಂದ ಬಂದು ಇಂಗ್ಲೆಂಡನ್ನು ಗೆದ್ದ ನಾರ್ಮನ್ನರ ಕಾಲದ ಹಳೆಯ ಕ್ಯಾಥೆಡ್ರಲ್‌ನ ಗೋಡೆ, ಅದರ ಕೆಳಗೆ ರೋಮನ್ ಸೇನೆಯ ಮುಖ್ಯ ಕಚೇರಿಯ ಗೋಡೆಗಳು ಸಿಕ್ಕಿದವು. ಆ ಗುಂಡಿಯೇ ಈಗ ಮ್ಯೂಸಿಯಂ. ಕ್ರಿ.ಶ. 306ರಲ್ಲಿ ಕಾನ್‌ಸ್ಟಂಟೈನ್‌ನನ್ನು ರೋಮನ್ ಚಕ್ರವರ್ತಿ ಅಂತ ಸೈನಿಕರು ಕೂಗಿದ್ದು ಈ ಊರಿನಲ್ಲೇ. ಹೊರಗೆ ದಕ್ಷಿಣದ ಬಾಗಿಲ ಬಳಿ ಆತನ ಕಂಚಿನ ಪ್ರತಿಮೆ ಕೂತಿದೆ.

ಇಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಹಾರ್ನ್ ಆಫ್ ಉಲ್ಫ್, ಉಲ್ಫ್‌ನ ಕೊಂಬು. ಇಡೀ ಒಂದು ಆನೆಯ ದಂತ. ಸುಮಾರು ಸಾವಿರ ವರ್ಷದ ಹಿಂದೆ ದಕ್ಷಿಣ ಇಟಲಿಯಲ್ಲಿ ಕೆತ್ತಿದ್ದು. ಉಲ್ಫ್ ಎಂಬ ವೈಕಿಂಗ್ (ಸ್ಕ್ಯಾಂಡಿನೇವಿಯಾ ಮೂಲದ) ಒಡೆಯ ತನ್ನ ಜಮೀನನ್ನು ಮಿನ್‌ಸ್ಟರ್‌ಗೆ ಬರೆದುಕೊಟ್ಟ ಗುರುತಿಗೆ ಇದನ್ನು ಕೊಟ್ಟ, ಅದರಲ್ಲಿ ದ್ರಾಕ್ಷಾರಸ ತುಂಬಿ ಬಲಿಪೀಠದ ಮುಂದೆ ಕುಡಿದ ಅನ್ನುತ್ತದೆ ಹಳೆಯ ಕಥೆ. ಬಾಯಿಯ ಸುತ್ತ ಪಟ್ಟಿಯಲ್ಲಿ ರೆಕ್ಕೆಯ ಮೃಗಗಳು. ಎಲ್ಲಿಯ ಆನೆ, ಎಲ್ಲಿಯ ಕೆತ್ತನೆ, ಎಲ್ಲಿಯ ವೈಕಿಂಗ್, ಅಲ್ವಾ?

ನಡುಗೋಪುರ ಹತ್ತುವ ಆಸೆ ಇದ್ದರೆ ಬೇರೆ ಟಿಕೆಟ್, ಗೊತ್ತುಮಾಡಿದ ಹೊತ್ತಿಗೆ ಮಾತ್ರ ಬಿಡುತ್ತಾರೆ. 275 ಮೆಟ್ಟಿಲು, ಇಕ್ಕಟ್ಟಿನ ಸುತ್ತು ಮೆಟ್ಟಿಲು. ಮಂಡಿ ನೋವಿರುವವರು, ಇಕ್ಕಟ್ಟಿಗೆ ಹೆದರುವವರು ಬೇಡವೇ ಬೇಡ. 8 ವರ್ಷದೊಳಗಿನ ಮಕ್ಕಳನ್ನು ಬಿಡುವುದಿಲ್ಲ.

ಹೊರಗಿನ ಸುತ್ತು

ಹೊರಡುವಾಗ ಅದೇ ಟಿಕೆಟ್‌ನಲ್ಲಿ ಮತ್ತೆ ಒಳಗೆ ಬರಬಹುದೇ ಅಂತ ಕೌಂಟರ್‌ನಲ್ಲಿ ಕೇಳಿಕೊಳ್ಳಿ. ಬುತ್ತಿ ಇದ್ದರೆ ಮಿನ್‌ಸ್ಟರ್‌ನ ಉತ್ತರಕ್ಕಿರುವ ಡೀನ್ಸ್ ಪಾರ್ಕ್ ಒಳ್ಳೆಯ ಜಾಗ. ಹುಲ್ಲುಹಾಸು, ಬೆಂಚು, ಎದುರಿಗೆ ಚಾಪ್ಟರ್ ಹೌಸ್‌ನ ಹೊರಮೈ. ದುಡ್ಡು ಕೊಡಬೇಕಿಲ್ಲ.

ಮಧ್ಯಾಹ್ನದ ಈ ನಡಿಗೆಗೆ ಒಂದು ವಿಷಯ ಗೊತ್ತಿರಲಿ. ಯಾರ್ಕ್‌ನಲ್ಲಿ 'ಗೇಟ್' ಅಂದರೆ ಬೀದಿ, ವೈಕಿಂಗರ ಭಾಷೆಯಿಂದ ಉಳಿದ ಮಾತು. 'ಬಾರ್' ಅಂದರೆ ಕೋಟೆಬಾಗಿಲು. ಸ್ಟೋನ್‌ಗೇಟ್ ಎಲ್ಲಿದೆ ಅಂತ ಬಾಗಿಲು ಹುಡುಕುತ್ತಾ ತಿರುಗಬೇಡಿ.

ಬೂಥಮ್ ಬಾರ್‌ನಲ್ಲಿ ಕೋಟೆಗೋಡೆ ಹತ್ತಿ ಮಂಕ್ ಬಾರ್‌ನಲ್ಲಿ ಇಳಿಯಿರಿ. ಗೋಡೆ ಒಟ್ಟು ಸುಮಾರು 3.4 ಕಿಲೋಮೀಟರ್ ಇದೆ, ಆದರೆ ಸಮಯ ಕಡಿಮೆ ಇದ್ದರೆ ಇದೊಂದು ತುಂಡು ಸಾಕು. ತೋಟಗಳ ಆಚೆ ಮಿನ್‌ಸ್ಟರ್ ಪಕ್ಕದಲ್ಲೇ ನಡೆದುಬರುತ್ತಿರುವ ಹಾಗೆ ಕಾಣುತ್ತದೆ. ಪ್ರವೇಶ ಉಚಿತ. ಕತ್ತಲಾದರೆ, ಮಂಜುಗಟ್ಟಿದರೆ ಮುಚ್ಚುತ್ತಾರೆ. ಎಷ್ಟೋ ಕಡೆ ಒಳಬದಿಗೆ ಕಂಬಿ ಇಲ್ಲ, ಮಕ್ಕಳ ಕೈ ಹಿಡಿದುಕೊಳ್ಳಿ.

ಮಂಕ್ ಬಾರ್‌ನಿಂದ ಗುಡ್‌ರಮ್‌ಗೇಟ್. ಇಲ್ಲಿ ಲೇಡಿ ರೋ ಎಂಬ ಕುಳ್ಳ ಮನೆಗಳ ಸಾಲು ಇದೆ. 1316ರ ಮನೆಗಳು, ಈಗ ಅಂಗಡಿಗಳಾಗಿವೆ, ಜನ ಗೊತ್ತಿಲ್ಲದೇ ದಾಟಿಹೋಗುತ್ತಾರೆ. ಅದರ ಪಕ್ಕದಲ್ಲೇ ಅಂಗಡಿಗಳ ನಡುವೆ ಒಂದು ಚಿಕ್ಕ ಕಮಾನು. ಒಳಗೆ ನುಗ್ಗಿ. ಹೋಲಿ ಟ್ರಿನಿಟಿ ಚರ್ಚು. ಒಂದೇ ಒಂದು ಜಾಗವನ್ನು ಆರಿಸಿಕೊಳ್ಳಬೇಕು ಅಂದರೆ ಮಿನ್‌ಸ್ಟರ್ ಬಿಟ್ಟರೆ ನಾನು ಇದನ್ನೇ ಆರಿಸುತ್ತೇನೆ. ಕರೆಂಟ್ ಇಲ್ಲ. ನೆಲ ಏರುತಗ್ಗು, ಕಂಬಗಳು ವಾಲಿವೆ. ಎದೆಯೆತ್ತರದ ಮರದ ಹಲಗೆ ಹಾಕಿ ಕೋಣೆಗಳ ಹಾಗೆ ಮಾಡಿದ ಹಳೆಯ ಆಸನಗಳಿವೆ. ಒಂದರ ಬಾಗಿಲು ತೆಗೆದು ಒಳಗೆ ಕೂತರೆ ಬೀದಿಯ ಸದ್ದೆಲ್ಲ ನಿಂತುಹೋಗುತ್ತದೆ, ಮರದ ವಾಸನೆ, ಕಲ್ಲಿನ ತಣ್ಣನೆ ಮಾತ್ರ. ಪೂರ್ವದ ಕಿಟಕಿ 1470ರ ದಶಕದ್ದು, ಕೈಗೆಟಕುವಷ್ಟು ಹತ್ತಿರ. ಮಿನ್‌ಸ್ಟರ್‌ನಲ್ಲಿ ಬೈನಾಕ್ಯುಲರ್‌ನಲ್ಲಿ ನೋಡಿದ್ದನ್ನು ಇಲ್ಲಿ ಕಣ್ಣಲ್ಲೇ ನೋಡಬಹುದು: ಸೀಸದ ಪಟ್ಟಿ ಹೇಗೆ ಮುಖದ ಸುತ್ತ ಬಾಗುತ್ತದೆ, ಬಟ್ಟೆಯ ಮಡಿಕೆಗೆ ಬಣ್ಣವನ್ನು ಹೇಗೆ ಒರೆಸಿ ತೆಳುಮಾಡಿದ್ದಾರೆ, ಎಲ್ಲವೂ.

ಶಾಂಬಲ್ಸ್‌ಗೆ ಹೋಗಿ, ಆದರೆ ಹತ್ತು ನಿಮಿಷ ಸಾಕು. ವಿಪರೀತ ಗದ್ದಲ. ಇದು ಕಟುಕರ ಬೀದಿಯಾಗಿತ್ತು. ಮಾಂಸ ನೇತುಹಾಕುತ್ತಿದ್ದ ಕೊಕ್ಕೆಗಳು, ಮಾಂಸ ಇಡುತ್ತಿದ್ದ ಅಗಲದ ಕಿಟಕಿ ಕಟ್ಟೆಗಳು ಕೆಲವು ಅಂಗಡಿಗಳಲ್ಲಿ ಇನ್ನೂ ಇವೆ. ಅಲ್ಲಿಂದ ಫಾಸ್‌ಗೇಟ್‌ನಲ್ಲಿರುವ ಮರ್ಚೆಂಟ್ ಅಡ್ವೆಂಚರರ್ಸ್ ಹಾಲ್‌ಗೆ ನಡೆಯಿರಿ. 1357ರಲ್ಲಿ ಕಟ್ಟಲು ಶುರು ಮಾಡಿದ ವ್ಯಾಪಾರಿಗಳ ಮನೆ. ಮೇಲೆ ವ್ಯವಹಾರದ ಹಜಾರ, ಕೆಳಗೆ ಬಡವರಿಗೆ ಆಸ್ಪತ್ರೆ, ಪಕ್ಕದಲ್ಲಿ ಪ್ರಾರ್ಥನೆಯ ಜಾಗ. ಮೇಲಿನ ಹಜಾರದ ನಡುವೆ ಮರದ ಕಂಬಗಳ ಸಾಲು. ಅಷ್ಟಗಲಕ್ಕೆ ಒಂದೇ ತೊಲೆ ಸಿಗದೆ ಎರಡು ಮಾಡುಗಳನ್ನು ಅಕ್ಕಪಕ್ಕ ಜೋಡಿಸಿದ್ದಾರೆ.

ಇನ್ನೂ ಸಮಯವಿದ್ದರೆ ಕ್ಲಿಫರ್ಡ್ಸ್ ಟವರ್. ದಿಬ್ಬದ ಮೇಲಿನ ಕಲ್ಲಿನ ಕೋಟೆ 13ನೇ ಶತಮಾನದ್ದು. ಅದಕ್ಕೂ ಮುಂಚೆ ಅಲ್ಲಿ ಮರದ ಕೋಟೆ ಇತ್ತು. 1190ರ ಮಾರ್ಚ್ 16ರಂದು, ದೊಂಬಿಗೆ ಹೆದರಿ ಅಲ್ಲಿ ಆಸರೆ ಪಡೆದಿದ್ದ ಸುಮಾರು 150 ಯಹೂದಿಗಳು ಸತ್ತರು. ಬಹಳಷ್ಟು ಜನ ದೊಂಬಿಯ ಕೈಗೆ ಸಿಗುವ ಬದಲು ತಾವೇ ಪ್ರಾಣ ಕಳೆದುಕೊಂಡರು. ದಿಬ್ಬದ ಬುಡದಲ್ಲಿ ಅದರ ನೆನಪಿನ ಕಲ್ಲು ಇದೆ. ಮೇಲೆ ಹತ್ತುವ ಮುಂಚೆ ಅದನ್ನು ಓದಿ.

ಸಂಜೆ: ಮತ್ತೆ ಒಳಗೆ

ಬಹಳಷ್ಟು ಸಂಜೆ ಮಿನ್‌ಸ್ಟರ್‌ನಲ್ಲಿ ಈವನ್‌ಸಾಂಗ್ ನಡೆಯುತ್ತದೆ, ಹಾಡಿನ ಸಂಜೆಪ್ರಾರ್ಥನೆ. ಟಿಕೆಟ್ ಬೇಡ, ಯಾವ ಧರ್ಮದವರಾದರೂ ಬರಬಹುದು. ಆ ದಿನ ಎಷ್ಟು ಗಂಟೆಗೆ ಅಂತ ಬೆಳಿಗ್ಗೆಯೇ ಕೇಳಿಟ್ಟುಕೊಂಡು ಇಪ್ಪತ್ತು ನಿಮಿಷ ಮುಂಚೆ ಬಾಗಿಲ ಬಳಿ ಇರಿ, ಕ್ವಾಯರ್‌ನಲ್ಲೇ ಜಾಗ ಸಿಗಬಹುದು. ಫೋನ್ ಆಫ್ ಮಾಡಿ, ಫೋಟೋ ತೆಗೆಯಬೇಡಿ. ಎಲ್ಲರೂ ಎದ್ದಾಗ ಏಳಿ, ಕೂತಾಗ ಕೂರಿ, ಅಷ್ಟು ಸಾಕು. ಮುಕ್ಕಾಲು ಗಂಟೆಯ ಒಳಗೆ ಮುಗಿಯುತ್ತದೆ. ಬೆಳಗಿನಿಂದ ಕಣ್ಣಲ್ಲಿ ಅಳೆದ ಕಟ್ಟಡವನ್ನು ಆಗ ಕಿವಿಯಲ್ಲಿ ಅಳೆಯುತ್ತೀರಿ. ಹಾಡು ನಿಂತ ಮೇಲೂ ಕೊನೆಯ ಸ್ವರ ಮೇಲೆಲ್ಲೋ ಸುಳಿಯುತ್ತಾ ಇರುತ್ತದೆ.

ಬೇಸಿಗೆಯಾದರೆ ಹೊರಗೆ ಇನ್ನೂ ಬಿಸಿಲಿರುತ್ತದೆ. ಹೊರಡುವಾಗ ನೇವ್‌ನ ಕಡೆ ತಿರುಗಿ ನೋಡಿ. ಆಚೆ ತುದಿಯಲ್ಲಿ ಪಶ್ಚಿಮದ ದೊಡ್ಡ ಕಿಟಕಿ, 1338ರ ಹೊತ್ತಿನದ್ದು. ಅದರ ಮೇಲ್ಭಾಗದ ಕಲ್ಲಿನ ಬಳ್ಳಿಗಳು ಬಾಗಿ ಬಾಗಿ ನಡುವೆ ಒಂದು ಹೃದಯದ ಆಕಾರ ಮಾಡಿವೆ, ಜನ ಅದನ್ನು ಯಾರ್ಕ್‌ಷೈರ್‌ನ ಹೃದಯ ಅನ್ನುತ್ತಾರೆ. ಬೆಳಿಗ್ಗೆ ನೀವು ನಿಲ್ಲದೇ ದಾಟಿಬಂದ ನೆಲದ ಮೇಲೆ ಈಗ ಆ ಗಾಜಿನ ಬೆಳಕು ಬಿದ್ದಿರುತ್ತದೆ. ಬಾಗಿಲು ಮುಚ್ಚುವವರು ಬಂದು ಹೇಳುವ ತನಕ ಅಲ್ಲೇ ನಿಂತಿರಿ.